ಸಪ್ಪೆ ಸಾರು, ಕೆರೆ ಏರಿ

ಮೊನ್ನೆ ಕೋಲಾರದ ಕ್ಲಿನಿಕ್ಕೊಂದರಲ್ಲಿ ಡಾಕ್ಟರು ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬಿದರು. ಪಟ್ಟಿ ಬಿಗಿಯಾಗುತ್ತ ಬಂದಂತೆ ನಾನೂ ಉಸಿರು ಬಿಗಿಹಿಡಿದೆ. ಹಾಗೆ ಮಾಡಿದರೆ ಕಡಿಮೆ ತೋರಿಸೀತು ಎಂಬ ಆಸೆ. ತೋರಿಸಲಿಲ್ಲ. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇರಬೇಕು ಎಂದೆ. ಕ್ಲಿನಿಕ್ಕು ಇದ್ದದ್ದು ನೆಲಮಹಡಿಯಲ್ಲಿ. ಡಾಕ್ಟರು ನಕ್ಕು ಮಾತ್ರೆ ಬರೆದರು. ಉಪ್ಪು ಇಳಿಸಿ, ದಿನಾ ನಡೆಯಿರಿ ಎಂದರು. ಅದನ್ನು ಕೇಳಿದ್ದೇ ದೇವರಾಯಸಮುದ್ರದ ನನ್ನ ಚಿಕ್ಕಮ್ಮ ನೆನಪಾದಳು.

ನಿಮ್ಮ ನೆಂಟರಲ್ಲೂ ಇಂಥ ಒಬ್ಬಳು ಇದ್ದಾಳು. ಚಿಕ್ಕಮ್ಮ ಉಪ್ಪನ್ನು ಅಳೆದು ಹಾಕಿದ್ದನ್ನು ನಾನು ಕಂಡಿಲ್ಲ. ಕೈ ಜಾಡಿಯೊಳಗೆ ಹೋಗಿ ಬಂದರೆ ಮುಗಿಯಿತು, ಅಡುಗೆಗೆ ರುಚಿ ಕೂತಂತೆ. ಶ್ರೀನಿವಾಸಪುರದಿಂದ ಮಾವಿನಕಾಯಿ ಬಂದು ಅವಳು ಉಪ್ಪಿನಕಾಯಿ ಹಾಕಿದಳೆಂದರೆ ನೆಂಟರು ಖಾಲಿ ಡಬ್ಬಿ ಹಿಡಿದು ಹಾಜರಾಗುತ್ತಿದ್ದರು. ಮೊದಲ ಡಬ್ಬಿ ನನ್ನದೇ ಎಂದು ಬೇರೆ ಹೇಳಬೇಕಾಗಿಲ್ಲ.

ಏಳೆಂಟು ವರ್ಷದ ಕೆಳಗೆ ಚಿಕ್ಕಪ್ಪ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದವರು ತಲೆ ತಿರುಗಿ ಕುಸಿದರು. ಮುಳಬಾಗಿಲಿನ ಡಾಕ್ಟರು ನೋಡಿ, ಬಿ.ಪಿ. ವಿಪರೀತ ಏರಿದೆ, ಹೀಗೇ ಬಿಟ್ಟರೆ ಲಕ್ವ ಹೊಡೆಯಬಹುದು ಎಂದರು. ಮಾತ್ರೆ ತಪ್ಪಿಸುವಂತಿಲ್ಲ, ಉಪ್ಪಿನಕಾಯಿ ಹಪ್ಪಳ ಬಂದ್, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಹೊಲದಲ್ಲಿ ಓಡಾಡುವವನಿಗೆ ಇನ್ನೆಂಥ ವಾಕಿಂಗು ಎಂದು ಚಿಕ್ಕಪ್ಪ ತೆಲುಗಿನಲ್ಲಿ ಗೊಣಗಿದರು. ಸಿಟ್ಟು ಬಂದಾಗ ಅವರಿಗೆ ಕನ್ನಡ ಸಾಲುತ್ತಿರಲಿಲ್ಲ.

ಚಿಕ್ಕಮ್ಮ ವಾದಕ್ಕೆ ಹೋಗಲಿಲ್ಲ. ಮನೆಗೆ ಬಂದವಳೇ ಜಾಡಿಗಳನ್ನು ಅಟ್ಟಕ್ಕೆ ಏರಿಸಿದಳು. ಸಾರಿಗೆ ಉಪ್ಪು ಇಳಿಸಿ ಬೆಳ್ಳುಳ್ಳಿ, ಜೀರಿಗೆ, ನಿಂಬೆಹುಳಿ ಏರಿಸಿದಳು. ಚಿಕ್ಕಪ್ಪ ಮುದ್ದೆಯ ಮೊದಲ ತುತ್ತಿಗೇ ತಟ್ಟೆ ಸರಿಸಿದರು. ಅವಳು ತನಗೆಂದು ಬೇರೆ ಪಾತ್ರೆ ಇಟ್ಟಿರಲಿಲ್ಲ. ಅದೇ ಸಪ್ಪೆ ಸಾರು ಬಡಿಸಿಕೊಂಡು ಎದುರಿಗೆ ಕೂತು, “ನೀವು ಎದ್ರೆ ನಾನೂ ಏಳ್ತೀನಿ,” ಅಂದಳು. ಚಿಕ್ಕಪ್ಪ ಉಂಡರು.

ನಡೆಯುವುದು ಇನ್ನೂ ಕಷ್ಟದ್ದಾಯಿತು. ಒಬ್ಬರನ್ನೇ ಕಳಿಸಿದರೆ ಟೀ ಅಂಗಡಿ ದಾಟುತ್ತಿರಲಿಲ್ಲವಾದ್ದರಿಂದ ಚಿಕ್ಕಮ್ಮ ತಾನೂ ಹೊರಟಳು. ಬೆಳಗಾಗುತ್ತಲೇ ಕೆರೆ ಏರಿಯ ಮೇಲೆ ಅವರು ಮುಂದೆ, ಇವಳು ಹತ್ತು ಹೆಜ್ಜೆ ಹಿಂದೆ. ಎಲ್ಲಿಗೆ ಎಂದು ಕೇಳಿದವರಿಗೆ ಎಲ್ಲಿಗೂ ಇಲ್ಲ ಎನ್ನಲು ಚಿಕ್ಕಪ್ಪನಿಗೆ ನಾಚಿಕೆ. ತಪ್ಪಿಸಿಕೊಂಡ ಮೇಕೆ ಹುಡುಕುತ್ತಿದ್ದೇನೆ ಎನ್ನುತ್ತಿದ್ದರು. ಅವರ ಮನೆಯಲ್ಲಿ ಮೇಕೆಯೇ ಇರಲಿಲ್ಲ.

ಮೂರು ತಿಂಗಳಾದ ಮೇಲೆ ಇಬ್ಬರನ್ನೂ ನಾನೇ ಮುಳಬಾಗಿಲಿಗೆ ಕರೆದೊಯ್ದೆ. ಚಿಕ್ಕಪ್ಪನ ಬಿ.ಪಿ. ಇಳಿದಿತ್ತು. ಪರೀಕ್ಷೆ ಪಾಸಾದವರಂತೆ ಎದ್ದು ನಿಂತರು. ಅಷ್ಟರಲ್ಲಿ ಹಣೆ ಒತ್ತಿಕೊಂಡು ಕೂತಿದ್ದ ಚಿಕ್ಕಮ್ಮನನ್ನು ನರ್ಸು ನೋಡಿದಳು.

“ಅಮ್ಮಾ, ನಿಮ್ದು ಯಾವಾಗ ನೋಡ್ಸಿದ್ರಿ?”

“ನನಗೇನಮ್ಮ, ಗಟ್ಟಿಯಾಗಿದ್ದೀನಿ.”

ನರ್ಸು ಕೇಳಲಿಲ್ಲ, ಪಟ್ಟಿ ಸುತ್ತಿದಳು. ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು, ಡಾಕ್ಟರನ್ನು ಕರೆದಳು. ಕುಸಿದು ಬಿದ್ದ ದಿನ ಚಿಕ್ಕಪ್ಪನಿಗೆ ಇದ್ದದ್ದಕ್ಕಿಂತ ಅವಳದು ಹೆಚ್ಚಿತ್ತು. ಮೂರು ತಿಂಗಳು ಸಪ್ಪೆ ಉಂಡು, ನಡೆದೂ ಇಷ್ಟಿದ್ದರೆ ಮೊದಲು ಎಷ್ಟಿತ್ತೋ ಎಂದರು ಡಾಕ್ಟರು. ಅವಳಿಗೂ ಮಾತ್ರೆ ಶುರುವಾಯಿತು.

ಎಷ್ಟೋ ವರ್ಷಗಳಿಂದ ಚಿಕ್ಕಮ್ಮ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುವುದನ್ನು ನಾನು ನೋಡಿದ್ದೆ. ಅದು ಅವಳ ರೂಢಿ ಎಂದುಕೊಂಡಿದ್ದೆ. ಆ ಬಟ್ಟೆಯ ಕೆಳಗಿನ ಮುಖವನ್ನು ನೋಡಿಯೂ ಉಪ್ಪಿನಕಾಯಿಗೆ ಡಬ್ಬಿ ಚಾಚಿದ್ದೆ.

ಊರಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹೋದ ಚಿಕ್ಕಪ್ಪ ನಿಂತರು. “ಇಷ್ಟು ವರ್ಷ ತಲೆನೋವು, ತಲೆನೋವು ಅಂತಿದ್ದೆ ಕಣೇ. ಒಂದ್ಸಲನಾದ್ರೂ ಕೇಳಿಸ್ಕೊಂಡ್ನಾ ನಾನು?”

“ಈಗ ಕೇಳಿಸ್ಕೊಂಡ್ರಲ್ಲ, ನಡೀರಿ,” ಅಂದಳು ಚಿಕ್ಕಮ್ಮ.

ಮರುದಿನ ಏರಿಯ ಮೇಲೆ ಚಿಕ್ಕಪ್ಪ ಸ್ವಲ್ಪ ದೂರ ಹೋಗಿ, ಹಿಂತಿರುಗಿ ನೋಡಿ, ಅವಳು ಬಂದು ಸೇರುವವರೆಗೂ ಕಾದರಂತೆ. ಅಂದಿನಿಂದ ಇಬ್ಬರೂ ಜೊತೆಗೇ ನಡೆಯುತ್ತಾರೆ. ರಾತ್ರಿ ಊಟವಾದ ಮೇಲೆ ಅವಳ ಮಾತ್ರೆ, ನೀರು ತಂದು ಕೊಡುವ ಕೆಲಸ ಚಿಕ್ಕಪ್ಪನದು. ಅದುವರೆಗೆ ತಮ್ಮ ನೀರನ್ನೂ ತಾವು ಬಗ್ಗಿಸಿಕೊಂಡವರಲ್ಲ.

ಇದನ್ನೆಲ್ಲ ನೆನೆಯುತ್ತ ಕ್ಲಿನಿಕ್ಕಿನಿಂದ ಮನೆಗೆ ಬಂದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ನನ್ನ ಬಿ.ಪಿ. ವಿಷಯ ಹೇಳಿ, ಉಪ್ಪು ಇಳಿಸು ಎಂದು ಅಪ್ಪಣೆ ಕೊಡಲು ಬಾಯಿ ತೆರೆದವನು ತಡೆದುಕೊಂಡೆ. “ನಿಂಗೆ ತಲೆಗಿಲೆ ನೋಯುತ್ತಾ? ಮೈಯಲ್ಲಿ ಹೇಗಿದೆ?” ಎಂದು ಕೇಳಿದೆ.

ಅವಳು ಸೌಟು ಹಿಡಿದೇ ತಿರುಗಿ ನನ್ನನ್ನು ನೋಡಿದಳು. ಕುಶಾಲಿಗೆ ಕೇಳುತ್ತಿಲ್ಲ ಎಂದು ಖಾತ್ರಿ ಆಗುವವರೆಗೂ ನೋಡಿದಳು. ಆಮೇಲೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನೆದುರು ಕುರ್ಚಿ ಎಳೆದು ಕೂತಳು. ಹೇಳುವುದು ಬಹಳವಿತ್ತು. ಮೊಣಕಾಲಿನಿಂದ ಶುರು ಮಾಡಿದಳು.