ತೌಡಿಗೆ ಕೊಂಡ ಮಗಳು

ಹಂಗಳದ ಪುಟ್ಟಸಿದ್ದಮ್ಮ ಹೆತ್ತ ಕೂಸುಗಳೆಲ್ಲ ಮಣ್ಣಾಗಿದ್ದವು. ಹೆತ್ತದ್ದನ್ನು ಒಯ್ಯುವ ಸಾವು ಕೊಂಡದ್ದನ್ನು ಮುಟ್ಟುವುದಿಲ್ಲವಂತೆ! ಅದಕ್ಕೇ ಕಡೆಯ ಹೆಣ್ಣುಕೂಸನ್ನು ನೆರೆಮನೆಗೆ ಒಪ್ಪಿಸಿ, ಒಂದು ಮೊರ ತೌಡು ಕೊಟ್ಟು ಮರಳಿ ಕೊಂಡಳು. ಹೆಸರೂ ತೌಡಮ್ಮ ಎಂದೇ ಆಯಿತು.

ಅಂಬೆಗಾಲಿಡುವಾಗ "ತೌಡೀ" ಎಂದರೆ ಕೂಸು ಕೇಕೆ ಹಾಕಿ ತಿರುಗುತ್ತಿತ್ತು. ಮಾತು ಬಂದ ಮೇಲೆ, ಎಮ್ಮೆಗೆ ತೌಡು ಇಡಲು ಅಪ್ಪ ಕೂಗಿದರೂ ತನ್ನನ್ನೇ ಕರೆದರೆಂದು ಓಡಿ ಬರುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಶಾಲೆಯಲ್ಲಿ ಓರಗೆಯವರು ತೌಡಿಗೆ ಕೊಂಡವಳೆಂದು ಆಡಿಕೊಂಡ ದಿನ ಆ ನಗು ನಿಂತಿತು.

"ಅವ್ವಾ, ನಾನು ನಿನ್ ಮಗಳಲ್ವಾ?"

ಸಾವಿಗೆ ಕೇಳಿಸಲೆಂದು ಪುಟ್ಟಸಿದ್ದಮ್ಮ ಗಟ್ಟಿಯಾಗಿಯೇ ಹೇಳಿದಳು: "ಅಲ್ಲ ಕಣಮ್ಮಿ, ತೌಡಿಗೆ ಕೊಂಡ್ಕಂಡೋಳು ನೀನು."

ಸಾವಿಗೆ ಕೇಳಿಸಿತೋ ಇಲ್ಲವೋ, ಮಗಳಿಗೆ ಕೇಳಿಸಿತು. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ಮೈನೆರೆದ ವರ್ಷ, ಐವತ್ತಾರನೇ ಇಸವಿಯಲ್ಲಿ, ಗುಂಡ್ಲುಪೇಟೆಯಿಂದ ಹೆಣ್ಣು ನೋಡಲು ಬಂದರು. ಇನ್ನು ಸಾವಿನ ಭಯವಿಲ್ಲವೆಂದು ಪುಟ್ಟಸಿದ್ದಮ್ಮ ಬಂದ ಹೆಂಗಸರೆದುರು ಮೊದಲ ಸಲ ಬಾಯಿಬಿಟ್ಟಳು: "ನನ್ ಮಗಳು ಕಣವ್ವಾ, ನನ್ ಒಟ್ಟೇಲಿ ಉಟ್ಟೋಳು."

ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ತೌಡಮ್ಮ ಮುಖವೆತ್ತಿದಳು.

"ಸುಳ್ಯಾಕವ್ವಾ ಯೋಳೀಯೆ? ತೌಡಿಗೆ ಕೊಂಡ್ಕಂಡೋಳ್ನ ಇವರ್ಗೂ ತೌಡಿಗೇ ಕೊಟ್ಬುಡು."