ಅವ್ವನ ಗಿಳಿದಡಿ

ಅವ್ವ ತೀರಿಕೊಂಡ ವರ್ಷ ನಾನು ಹುಕ್ಕೇರಿಯ ಗಂಡನ ಮನೆಯಿಂದ ಮೂಡಲಗಿಗೆ ಬಂದು ಕೆಲವು ತಿಂಗಳು ಅಪ್ಪನ ಜೊತೆಗಿದ್ದೆ. ನಮ್ಮದು ನೇಕಾರರ ಮನೆ. ಅಪ್ಪ ಸಾದಾ ಸೀರೆ ನೇಯುತ್ತಿದ್ದ. ಅಂಚಿನ ದಡಿಯಲ್ಲಿ ಗಿಳಿಸಾಲು ಬರುವ ಸೀರೆ ಅವ್ವನ ಮಗ್ಗದ್ದು. ಮಗ್ಗದ ಮೇಲೆ ಕೂಡಿಸಿದ ಜಕಾರ್ಡ್ ಯಂತ್ರಕ್ಕೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಮಾಲೆಯಂತೆ ಹೆಣೆದು ಹಾಕುತ್ತಿದ್ದರು. ಒಂದೊಂದು ಪಟ್ಟಿ ಸರಿದಾಗಲೂ ಅದರ ತೂತುಗಳ ಪ್ರಕಾರ ಎಳೆಗಳು ಮೇಲೇಳುತ್ತಿದ್ದವು. ಗಿಳಿ ಹಾಗೆ ಸ್ವಲ್ಪ ಸ್ವಲ್ಪವಾಗಿ ಮೂಡುತ್ತಿತ್ತು.

ಹಳೆಯ ಯಂತ್ರ ಸವೆದಿತ್ತು. ಅಪ್ಪ ಗೋಕಾಕದಿಂದ ಹೊಸ ಮಾದರಿಯದನ್ನು ತಂದ. ಪಟ್ಟಿಯ ತೂತುಗಳಿಗೆ ಹೊಂದಬೇಕಾದ ಅದರ ಸೂಜಿಗಳು ಒತ್ತೊತ್ತಾಗಿದ್ದವು. ಅವ್ವನ ಪಟ್ಟಿ ಒಂದೂ ಅದಕ್ಕೆ ಹೊಂದಲಿಲ್ಲ.

"ಹೊಸಾ ರಟ್ಟಿನ ಮ್ಯಾಲೆ ಎಲ್ಲಾ ಇಳಿಸ್ತೀನಿ ಅಪ್ಪಾ," ಎಂದೆ.

"ಆಕಿ ಕೈಯಾಗಿನ ಕೆಲಸ ಐತಿ. ಒಂದೂ ತಪ್ಪಬಾರದು ನೋಡವಾ," ಎಂದ.

ಪಡಸಾಲೆಯಲ್ಲಿ ಕೂತು ಹಳೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು, ತೂತು ನೋಡಿ, ಹೊಸದರಲ್ಲಿ ಅದರ ಜಾಗ ಹುಡುಕಿ ಹೊಡೆಯುತ್ತಿದ್ದೆ. ಕೆಲವು ಪಟ್ಟಿಗಳ ಅಂಚಿಗೆ ಅವಳ ಬೆರಳಿನ ಎಣ್ಣೆಜಿಡ್ಡು ಹತ್ತಿತ್ತು. ಅಂಥ ಪಟ್ಟಿ ಕೈಗೆ ಬಂದಾಗ ಕೆಲಸ ಸಾಗುತ್ತಿರಲಿಲ್ಲ.

ಎಲ್ಲ ಮುಗಿಸಿ ಮಗ್ಗಕ್ಕೆ ಏರಿಸಿದೆವು. ಅಪ್ಪ ನೇಯತೊಡಗಿದ. ಕೊಕ್ಕು ಬಂತು, ರೆಕ್ಕೆ ಬಂತು, ಬಾಲ ಬಂತು. ಕಣ್ಣು ಮಾತ್ರ ಇಲ್ಲ. ಕುರುಡು ಗಿಳಿಗಳು ಸಾಲಾಗಿ ಹೊರಟವು.

ನಾನೇ ತಪ್ಪಿರಬೇಕೆಂದು ಪ್ರತಿ ಪಟ್ಟಿಯನ್ನೂ ಹಳೆಯದರ ಜೊತೆ ಹಿಡಿದು ನೋಡಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಅವ್ವನ ಸೀರೆಯೊಂದನ್ನು ತಿರುವಿ ಹಾಕಿದೆ. ಪ್ರತಿ ಕಣ್ಣಿನ ಹಿಂದೆಯೂ ಬಿಡಿ ನೂಲನ್ನು ಬೆರಳಿನಿಂದ ಸಿಕ್ಕಿಸಿದ ಗುರುತಿತ್ತು. ಹಳೆಯ ಪಟ್ಟಿಗಳಲ್ಲಿ ಕಣ್ಣು ಇರಲೇ ಇಲ್ಲ.

ಅಪ್ಪ ಸೀರೆ ಇಸಿದುಕೊಂಡು ಆ ಗುರುತುಗಳ ಮೇಲೆ ಬೆರಳಾಡಿಸಿದ.

"ನೇಯೋಮುಂದ ನಡುನಡುವ ಆಕಿ ಮಗ್ಗ ನಿಂದ್ರತಿತ್ತು," ಎಂದ. "ಯಾಕ ನಿಂತಿ, ಕೆಲಸ ಸಾಗಂಗಿಲ್ಲೇನ ಅಂತ ಬೈತಿದ್ದೆ. ಕಣ್ಣ ಇಡಾಕತ್ತೇನಿ ಅಂತ ಒಂದಿನಾನೂ ಹೇಳಲಿಲ್ಲ ನೋಡು."

ತಾನೂ ಬೆರಳಿನಿಂದ ನೂಲು ಸಿಕ್ಕಿಸಲು ನೋಡಿದ. ಎಳೆ ಹರಿಯಿತು. ಹೊಸ ಪಟ್ಟಿಗಳಲ್ಲಿ ಜಾಗ ಉಳಿದಿದೆ, ಕಣ್ಣಿಗೂ ತೂತು ಹೊಡೆಯುತ್ತೇನೆ ಎಂದೆ.

"ಹೊಡಿ," ಎಂದ, ನನ್ನ ಮುಖ ನೋಡದೆ.

ಆಮೇಲೆ ಗಿಳಿಗಳಿಗೆ ಕಣ್ಣು ಬಂದವು, ಎಲ್ಲವೂ ಒಂದೇ ತೆರನಾಗಿ. ಅವ್ವನ ಗಿಳಿಗಳಲ್ಲಿ ಒಂದು ಓರೆನೋಟದ್ದು, ಇನ್ನೊಂದು ನಿದ್ದೆಗಣ್ಣಿನದು. ಕೌಜಲಗಿಯ ಅಂಗಡಿಯವರು ಹೊಸ ಸೀರೆಯನ್ನು ಮೆಚ್ಚಿ, "ಭಾಳ ಚಲೋ ಬಂದಾವ್ರಿ, ಇನ್ನಷ್ಟು ಕೊಡ್ರಿ" ಎಂದರು. ಅಪ್ಪ "ಆತ್ರಿ" ಎಂದು ಬಂದ. ಆದರೆ ಮನೆಗೆ ಬಂದವನೇ ಗಿಳಿಯ ಪಟ್ಟಿಗಳನ್ನು ಕೆಳಗಿಳಿಸಿ, ಹೊಸ ಯಂತ್ರದ ಜೊತೆ ಬಂದಿದ್ದ ಬಳ್ಳಿ ಚಿತ್ತಾರದ ಪಟ್ಟಿ ಹಾಕಲು ಹೇಳಿದ. ಮತ್ತೆಂದೂ ಅವನು ಗಿಳಿ ನೇಯಲಿಲ್ಲ.