ನೀರಿನ ಗಡಿಗೆ ಮಗ್ಗುಲಿನ ಪಾಚಿ

ಪಾಚಿಯನ್ನು ನಾನು ಜೀವಮಾನವೆಲ್ಲ ತಿಕ್ಕಿ ತೆಗೆದಿದ್ದೇನೆ. ನೀರಿನ ತೊಟ್ಟಿಯಲ್ಲಿ, ಬಚ್ಚಲ ಕಲ್ಲಿನ ಮೇಲೆ, ಎಲ್ಲೆಂದರಲ್ಲಿ. ಅದನ್ನೇ ಸಾಕುವ ವಿದ್ಯೆ ಕಲಿಯಲು ಮೊಮ್ಮಗಳು ಊರು ಬಿಟ್ಟು ಹೋದಳು. ಅಷ್ಟು ಸಾಲದೆಂದು ಕಳೆದ ಬೇಸಿಗೆಯಲ್ಲಿ ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿಗೆ ನಮ್ಮ ಮನೆಗೇ ತಂದಳು.

ಅವಳ ಕಾಲೇಜಿನಲ್ಲಿ ತಂಪು ಮಾಡುವ ಯಂತ್ರ ಕೆಟ್ಟಿತ್ತಂತೆ. ಅಲ್ಲಿದ್ದ ಪಾಚಿಯೆಲ್ಲ ಬೆಂದು ಸತ್ತು, ಉಳಿದದ್ದು ಡಬ್ಬಿಯಲ್ಲಿದ್ದ ಪುಟ್ಟ ಗಾಜಿನ ತಟ್ಟೆಗಳು ಮಾತ್ರ. ಅವೂ ಸತ್ತರೆ ಅವಳ ಇಷ್ಟು ವರ್ಷದ ಕೆಲಸ ಮತ್ತೆ ಮೊದಲಿನಿಂದ. ಫ್ರಿಜ್ಜಿನಲ್ಲಿಟ್ಟರೆ ಚಳಿ ಹೆಚ್ಚಂತೆ, ಹೊರಗಿಟ್ಟರೆ ಸೆಕೆ ಹೆಚ್ಚಂತೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ದಪ್ಪ ಗೋಡೆ. ಅದರಲ್ಲೂ ತಂಪಾದ ಜಾಗವೆಂದರೆ ಕುಡಿಯುವ ನೀರಿನ ಗಡಿಗೆಗಳನ್ನು ಹಸಿ ಮರಳಿನ ಮೇಲೆ ಕೂರಿಸಿದ ಮೂಲೆ. ನನ್ನನ್ನು ಒಂದು ಮಾತೂ ಕೇಳದೆ ಅಲ್ಲೇ ಇಟ್ಟುಬಿಟ್ಟಳು.

ಬಗ್ಗಿ ನೋಡಿದೆ. ಪಾಚಿ ಎನ್ನಲು ಬಣ್ಣವೇ ಇಲ್ಲ.

“ಇವು ಯಾಕ ಹಿಂಗ ಬಿಳಚಿಕೊಂಡಾವ? ಬಿಸಿಲಿಗಿಡು, ಚಲೋ ಆಕ್ಕಾವ.”

“ಬ್ಯಾಡಬೇ ಅಮ್ಮಾ! ಬಿಸಿಲು ಬಿದ್ರ ಸಾಯ್ತಾವ. ತಮ್ಮ ಊಟ ತಾವು ಮಾಡ್ಕೊಳ್ಳಾಕ ಬರಲಾರದಂಥವು ಇವು. ನಾ ಹಾಕಿದ್ದು ತಿಂದು ಬದುಕ್ಯಾವ.”

“ನಿಮ್ಮಪ್ಪನ ಹಂಗ ಅನ್ನು.”

ಅವಳು ಅಮ್ಮ ಎನ್ನುವುದು ನನಗೆ, ಅವಳ ಅಪ್ಪ ಎಂದರೆ ನನ್ನ ಮಗನೇ. ಇದ್ದದ್ದನ್ನು ಹೇಳಲು ನನಗೇನು ನಾಚಿಕೆ?

ಮಧ್ಯಾಹ್ನ ನನ್ನ ಸೊಸೆ, ಅಂದರೆ ಇವಳ ಅವ್ವ, ರೊಟ್ಟಿ ಬಡಿಯುತ್ತಿದ್ದಾಗ ಇವಳು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದಳು. ಪಾಚಿಯ ಒಂದೊಂದು ಕಣವೂ ಒಂದು ಮನೆ. ಒಳಗೆ ಕ್ಲೋರೋಪ್ಲಾಸ್ಟ್ ಎನ್ನುವ ಹಸಿರು ಚೀಲ. ಬಿಸಿಲು ಹಿಡಿದು ಊಟ ತಯಾರಿಸುವ ಅಡುಗೆಮನೆ ಅದು. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಕೆಲವನ್ನು ಅದು ತನ್ನೊಳಗೇ ಮಾಡಿಕೊಳ್ಳುತ್ತದೆ. ಹೇಗೆ ಮಾಡಬೇಕೆಂದು ತಿಳಿಸುವ ಜೀನೂ ಅದರ ಹತ್ತಿರವೇ ಇದೆ, ಮಾಡುವ ಸಾಮಾನೂ ಅಲ್ಲೇ ಇದೆ.

“ಮತ್ತ ಮಾಡಾಕ ಏನು ಧಾಡಿ ಅದಕ್ಕ?”

“ಮನಿ ನಡುವ ನ್ಯೂಕ್ಲಿಯಸ್ ಅಂತ ಐತಿ. ಅದರ ಜೀನಿನಿಂದ ತಯಾರಾದ ಒಂದು ಪ್ರೋಟೀನು ಚೀಲದೊಳಗ ಬಂದು ನಿಂತು ಹೂಂ ಅನ್ನೂತನಕ ಒಲಿ ಹತ್ತಂಗಿಲ್ಲ. ಇವುಗಳಾಗ ಆ ನ್ಯೂಕ್ಲಿಯಸ್ಸಿನ ಜೀನ ಕೆಟ್ಟೈತಿ. ಅಡಗಿಮನಿ ನೆಟ್ಟಗ ಐತಿ, ಹೂಂ ಅನ್ನಾವ್ರಿಲ್ಲ.”

ಅಷ್ಟರಲ್ಲಿ ಸೊಸೆ ಕೇಳಿದಳು: “ಅತ್ತೀ, ಬ್ಯಾಳಿಗೆ ಉಪ್ಪು ಎಷ್ಟು ಹಾಕ್ಲಿರಿ?”

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೋಡಮ್ಮಾ, ಇದ ನೋಡು! ಇನ್ನೂ ಕೇಳು. ಈ ಚೀಲ ಮೊದಲು ಬ್ಯಾರೇನ ಒಂದು ಜೀವ ಆಗಿತ್ತು. ಆಮ್ಯಾಲ ಈ ಮನಿ ಹೊಕ್ತು. ಬರೂವಾಗ ತಂದ ಜೀನು ಬರ್ತಾ ಬರ್ತಾ ಮುಕ್ಕಾಲು ನ್ಯೂಕ್ಲಿಯಸ್ಸಿನ ಪೆಟ್ಟಿಗಿ ಸೇರಿದ್ವು.”

“ನಿಮ್ಮವ್ವನ ತವರಿನ ಸಾಮಾನು ನಾ ಏನೂ ಮುಟ್ಟಿಲ್ಲ,” ಎಂದೆ. ಸೊಸೆ ರೊಟ್ಟಿ ತಿರುವುವ ನೆಪದಲ್ಲಿ ಮುಖ ತಿರುವಿ ನಕ್ಕಳು. ನನಗೆ ಕಾಣಲಿಲ್ಲ ಅಂದುಕೊಂಡಿರಬೇಕು.

ಇದೆಲ್ಲಕ್ಕಿಂತ ತಲೆ ಕೆಡಿಸಿದ್ದು ಮುಂದಿನ ಮಾತು. ಹೂಂ ಅನ್ನುವವರು ಒಬ್ಬರಲ್ಲವಂತೆ, ಈ ಪ್ರೋಟೀನಿಗೊಬ್ಬರು, ಆ ಪ್ರೋಟೀನಿಗೊಬ್ಬರು. ಅನ್ನಕ್ಕೊಬ್ಬಳು ಅತ್ತೆ, ಸಾರಿಗೊಬ್ಬಳು ಅತ್ತೆ! ಹೀಗೆ ಸಂಸಾರ ನಡೆಸುವ ಜೀವ ಪಾಚಿಯಾಗದೆ ಇನ್ನೇನಾದೀತು?

“ನೀ ಹುಡುಕೂದಾದ್ರೂ ಏನು ಇದರಾಗ?”

“ಹೂಂ ಅನ್ನಾವ್ರು ಇಲ್ದಿದ್ರೂ ತಾನ ಶುರು ಮಾಡೂದು ಎಲ್ಲ್ಯರ ಒಂದು ಇರಬಹುದು ಅಂತ. ಅದು ಸಿಕ್ರ, ಆ ಹೂಂ ಚೀಲದಾಗ ಯಾವ ಜಾಗಕ್ಕ ಹೋಗಿ ನಾಟತೈತಿ ಅನ್ನೂದು ತಿಳೀತೈತಿ.”

ಯಂತ್ರದ ರಿಪೇರಿ ನೋಡಿ ಬರುತ್ತೇನೆಂದು ಅವಳು ಕಾಲೇಜಿಗೆ ಹೊರಟಳು. ಸೊಸೆ ಅಲ್ಲೇ ಇದ್ದರೂ, ಮರಳು ಒಣಗಬಾರದು, ಬಿಸಿಲು ತಾಗಬಾರದು ಎಂದು ಹೇಳಿದ್ದು ನನಗೆ. ಈ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ನನಗೇ ಹೇಳುವುದು. ಮರುದಿನವೇ ಲಿಂಗಸುಗೂರಿನಲ್ಲಿ ನನ್ನ ತಂಗಿ ಜಾರಿ ಬಿದ್ದಳೆಂದು ಸುದ್ದಿ ಬಂತು, ಇದ್ದ ಸೀರೆಯಲ್ಲೇ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಪಾಚಿಯ ನೆನಪಾಗಿ ಕೈಚೀಲ ತಡಕಿದರೆ ಫೋನು ಮನೆಯ ಗೂಡಿನಲ್ಲೇ ಉಳಿದಿತ್ತು. ಬೇರೆಯವರ ಫೋನು ಇಸಕೊಳ್ಳೋಣವೆಂದರೆ ನಂಬರು ಬಾಯಿಪಾಠ ಯಾರಿಗಿದೆ? ಉಪ್ಪಿಗೂ ಅಪ್ಪಣೆ ಕೇಳುವ ಸೊಸೆ, ಕೇಳಲು ನಾನಿಲ್ಲ. ಪಾಚಿಯ ಕಥೆ ಮುಗಿಯಿತೆಂದೇ ಲೆಕ್ಕ ಹಾಕಿದೆ. ಅಲ್ಲಿ ತಂಗಿಯ ನರಳಾಟ, ಇಲ್ಲಿ ನನಗೆ ಪಾಚಿಯ ಚಿಂತೆ. ಎಂಥ ಕರ್ಮ!

ತಂಗಿಯ ಕಾಲಿಗೆ ಪಟ್ಟಿ ಹಾಕಿಸಿ ಮರುದಿನ ಸಂಜೆ ಮನೆಗೆ ಬಂದು ನೋಡಿದರೆ ಗಡಿಗೆಗಳೇ ಇಲ್ಲ! ನಾನು ಈ ಮನೆಗೆ ಬಂದಾಗಿನಿಂದ ಅಲುಗದ ಗಡಿಗೆಗಳು. ಹುಡುಕಿದರೆ ಬಚ್ಚಲ ಗೋಡೆಯ ಪಕ್ಕ ಕೂತಿದ್ದವು, ಮಗ್ಗುಲಿಗೆ ತಟ್ಟೆಗಳು, ಮೇಲೊಂದು ಹಸಿ ಸೀರೆ.

“ಕುಡಿಯೂ ನೀರು ಬಚ್ಚಲ ಬಾಜೂಕ? ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಮಗ್ಗಲಮನ್ಯಾವ್ರು ಬೇವಿನ ಗಿಡ ಕಡಿಸ್ಯಾರ. ಬಿಸಿಲು ಸೀದಾ ಕಿಡಕ್ಯಾಗ ಬಂದು ಆ ಮೂಲಿಗೇ ಬಿತ್ತು. ಎತ್ತಿಟ್ಟೆ.”

“ನಾ ಬರೂತನಕ ತಡಕೊಳ್ಳಾಕ ಆಗಲಿಲ್ಲೇನು?”

“ತಡದಿದ್ರ ಸಾಯ್ತಿದ್ವಲ್ರಿ,” ಎಂದಳು. ತಲೆ ಎತ್ತಿಯೇ ಹೇಳಿದಳು.

ಬೈಯುವ ಬದಲು ಲೋಟ ಎತ್ತಿಕೊಂಡೆ. ಅದೇ ಗಡಿಗೆಯಿಂದ ನೀರು ತುಂಬಿಕೊಂಡು ಕುಡಿದೆ. ಹಾಳಾದ್ದು, ಮೊದಲಿಗಿಂತ ತಣ್ಣಗಿತ್ತು.

ತಟ್ಟೆಗಳು ಉಳಿದಿದ್ದವು. ಮೊಮ್ಮಗಳು ಬಂದು ಡಬ್ಬಿಗೆ ತುಂಬಿಕೊಂಡು ಹೋದಳು. ಅಲ್ಲಿ ಅವನ್ನು ಊಟವಿಲ್ಲದ ತಟ್ಟೆಗಳಿಗೆ ಹಾಕಿ ಬೆಳಕಿಗಿಟ್ಟಳಂತೆ, ದುಡಿಯದವು ಸಾಯಲಿ, ದುಡಿಯುವುದಿದ್ದರೆ ಉಳಿಯಲಿ ಎಂದು. ಬಹಳ ದಿನಗಳ ಮೇಲೆ ಫೋನು ಮಾಡಿದಳು.

“ಅಮ್ಮಾ, ಒಂದು ಹಸಿರು ಚುಕ್ಕಿ ಉಳದೈತಿ!”

“ಕೆಟ್ಟ ಜೀನು ರಿಪೇರಿ ಆತೇನು, ಇಲ್ಲಾ ಹೂಂ ಅನ್ನಾವ್ರಿಲ್ದ ತಾನ ಶುರು ಮಾಡೇತೇನು?”

“ಅದನ್ನ ಇನ್ನ ನೋಡ್ಬೇಕಬೇ,” ಎಂದಳು.

ಇಷ್ಟು ಕಾಡಿಸಿಯೂ ಇನ್ನೂ ನೋಡಬೇಕಂತೆ! ನಿಮ್ಮವ್ವನಿಗೆ ಹೇಳು, ಉಳಿಸಿದವಳು ಅವಳು ಎಂದು ಫೋನು ಹಿಡಿದು ಅಡುಗೆಮನೆಗೆ ಹೋದೆ. ಗಡಿಗೆಗಳು ಇನ್ನೂ ಬಚ್ಚಲ ಗೋಡೆಯ ಪಕ್ಕದಲ್ಲೇ ಇವೆ. ನಾನು ತೆಗೆಸಿಲ್ಲ, ಅವಳೂ ತೆಗೆದಿಲ್ಲ. ನನ್ನನ್ನು ಕಂಡದ್ದೇ ಸೊಸೆ ಸೌಟು ಎತ್ತಿ ಹಿಡಿದು ಕೇಳಿದಳು:

“ಅತ್ತೀ, ಬ್ಯಾಳಿಗೆ ಉಪ್ಪು ಎಷ್ಟು ಹಾಕ್ಲಿರಿ?”